ಗೋಮುಖಕ್ಕೆ ಹೊರಡುವ ಮುನ್ನ

ಕನ್ನಡ ನಾಡಿನ ಅತ್ಯುನ್ನತ ಶಿಖರವೆನಿಸಿದ ಮುಳ್ಳಯ್ಯನಗಿರಿಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಭಾಗೀರಥಿಯ ದಡದ ಮೇಲಿರುವ ಹರ್ಸಿಲ್, ಸೇಬಿನ ತೋಟಗಳನ್ನು ಮಾಡಿಕೊಂಡು ಮಕ್ಕಳುಮರಿಗಳೊಡನೆ ಜನರು ಬಾಳುವೆ ನಡೆಸುತ್ತಿರುವ ಒಂದು ಸಾಮಾನ್ಯ ಗ್ರಾಮ, ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮುಂದಣ ಗಂಗೋತ್ರಿ ಸುಮಾರು 3,100 ಮೀಟರ್. ನದಿಯು ಹಿಮರಾಶಿಯ ಅಡಿಯಿಂದ ಹೊರಹೊಮ್ಮುವ ಗೋಮುಖ ಸುಮಾರು 4,000 ಮೀಟರ್. ಗಂಗೋತ್ರಿ ರಾಷ್ಟ್ರೀಯ ಉದ್ಯಾನದಲ್ಲಿ ಕಾಲ್ನಡಿಗೆಯಿಂದ ಸಂಚರಿಸಬೇಕೆಂದು ಸಂಕಲ್ಪಿಸುವ ಕನ್ನಡಿಗರು ಮೊತ್ತಮೊದಲು ಮನನ ಮಾಡತಕ್ಕದ್ದು ಈ ನಾಲ್ಕು ಅಂಕಿಗಳನ್ನು. ಕುಮಾರಪರ್ವತವನ್ನು ನಾವು ಎಷ್ಟು ಸಲ ಹತ್ತಿ ಇಳಿದರೂ ಕಾಲುಗಳು ದೃಢವಾದಾವಲ್ಲದೆ, ವಿರಳವಾದ ವಾಯುವಿನಲ್ಲಿ ಉಸಿರಾಡುವ ಅಭ್ಯಾಸವು ನಮಗೆ ಸಿದ್ಧಿಸಲಾರದು. ಆ ಅಭ್ಯಾಸವನ್ನು ಕೊಡಬಲ್ಲ ಎತ್ತರವು ನಮ್ಮ ನಾಡಿನಲ್ಲಿ ಎಲ್ಲಿಯೂ ಇಲ್ಲ. ಅದು ಹಿಮಾಲಯದಲ್ಲಿಯೇ, ಅಲ್ಲಿ ನಿಧಾನವಾಗಿ ಕಳೆಯುವ ದಿನಗಳಿಂದಲೇ, ಲಭ್ಯವಾಗಬೇಕು. ಆದಕಾರಣ ಇಂಥ ಯಾತ್ರೆಯ ಯೋಜನೆಯೆಂಬುದು ಮುಖ್ಯವಾಗಿ ದಿನಗಳ ಯೋಜನೆ. ಹಣ, ಸಾಮಾನು, ವಾಹನ ಇವೆಲ್ಲವೂ ಅದರ ಹಿಂದಿನಿಂದ ಬರತಕ್ಕವು.

ಈ ಉದ್ಯಾನವು ಸ್ಥಾಪಿತವಾದದ್ದು 1989ರಲ್ಲಿ. ಸುಮಾರು 2,390 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶವು ಈಶಾನ್ಯದಲ್ಲಿ ಟಿಬೆಟ್ಟಿನ ಗಡಿಯನ್ನು ಮುಟ್ಟುತ್ತದೆ. ದೇವದಾರು ಮತ್ತು ಪೈನ್ ವೃಕ್ಷಗಳ ವನಗಳಿಂದ ಮೊದಲಾಗಿ, ಭೋಜವೃಕ್ಷಗಳು ಬೆಳೆಯುವ ಕೊನೆಯ ಎಲ್ಲೆಯನ್ನು ದಾಟಿ, ಹುಲ್ಲುಗಾವಲುಗಳನ್ನೂ ಬಂಡೆಗಳ ಹರವನ್ನೂ ಮೀರಿ, ಕಟ್ಟಕಡೆಗೆ ಹಿಮವೊಂದೇ ಉಳಿಯುವ ಔನ್ನತ್ಯದವರೆಗೆ ಅದು ಏರುತ್ತದೆ. ನೀಲಿ ಕುರಿ ಎಂದು ಕರೆಯಲ್ಪಡುವ ಭರಲ್, ಕಸ್ತೂರಿಮೃಗ, ಮೊನಾಲ್ ಪಕ್ಷಿ, ಹಿಮಚಿರತೆ ಇವು ಅಲ್ಲಿಯ ನಿವಾಸಿಗಳು. ಹಿಮಚಿರತೆಯ ದರ್ಶನವು ಯಾತ್ರಿಕರಿಗೆ ಆಗುವುದು ಅತಿ ವಿರಳ. ಭರಲ್‌ಗಳಾದರೋ ಗೋಮುಖದ ದಾರಿಯಲ್ಲಿ ಸಿಕ್ಕುವ ಭೋಜಬಾಸಾದ ಸುತ್ತಣ ಕಡಿದಾದ ಇಳಿಜಾರುಗಳಲ್ಲಿ ಮೇಯುತ್ತ, ನಿಂತು ನೋಡುವ ತಾಳ್ಮೆಯುಳ್ಳವರಿಗೆ ಬಹುಕಾಲ ಗೋಚರಿಸುತ್ತವೆ.

ಈ ಎಲ್ಲದರ ಹೃದಯಸ್ಥಾನದಲ್ಲಿರುವುದು ಗಂಗೋತ್ರಿ ಹಿಮನದಿ. 7,138 ಮೀಟರ್ ಎತ್ತರದ ಚೌಖಂಬಾ ಶಿಖರದ ಪಾರ್ಶ್ವಗಳಲ್ಲಿ ಹುಟ್ಟಿ, ವಾಯವ್ಯ ದಿಕ್ಕಿಗೆ ಸುಮಾರು 30 ಕಿಲೋಮೀಟರ್ ಹರಿದು ಗೋಮುಖದಲ್ಲಿ ಕೊನೆಗೊಳ್ಳುವ ಈ ಮಂಜುಗಡ್ಡೆಯ ಪ್ರವಾಹಕ್ಕೆ ರಕ್ತವರ್ಣ, ಚತುರಂಗೀ, ಕೀರ್ತಿ, ಸ್ವಚ್ಛಂದ, ಮೇರು ಮುಂತಾದ ಉಪಹಿಮನದಿಗಳ ಪರಿವಾರವಿದೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮಾರುತಗಳು ಸುರಿಸುವ ಹಿಮವೂ, ಮಳೆಗಾಲದಲ್ಲಿ ನಮ್ಮ ಮುಂಗಾರೇ ಆ ಎತ್ತರವನ್ನು ಸೇರಿ ಹಿಮರೂಪವಾಗಿ ಇಳಿಯುವುದೂ ಮೇಲಿನ ಕಣಿವೆಗಳಲ್ಲಿ ವರ್ಷದ ಮೇಲೆ ವರ್ಷ ಪದರಪದರವಾಗಿ ಸಂಚಯಗೊಂಡು, ಮೇಲಿನ ಪದರಗಳ ಭಾರದಿಂದ ಕೆಳಗಿನವು ಒತ್ತಲ್ಪಟ್ಟು, ಅವುಗಳ ನಡುವಣ ಗಾಳಿಯು ಹೊರದೂಡಲ್ಪಟ್ಟು, ಘನವಾದ ನೀಲಿ ಮಂಜುಗಡ್ಡೆಯಾಗುತ್ತದೆ. ಹೀಗಾದ ರಾಶಿಯು ಸಾಕಷ್ಟು ದಪ್ಪವಾದ ಮೇಲೆ ತನ್ನ ಭಾರವನ್ನು ತಾನೇ ತಾಳಲಾರದೆ, ಆರುತ್ತಿರುವ ಬೆಲ್ಲದ ಪಾಕವು ಓರೆಯಾದ ತಟ್ಟೆಯ ಮೇಲೆ ಸರಿಯುವ ಹಾಗೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಜಾರಿನಲ್ಲಿ ಸರಿಯುತ್ತದೆ. ಸರಿಯುವಾಗ ಇಕ್ಕೆಲದ ಬೆಟ್ಟಗಳಿಂದ ಉದುರಿದ ಬಂಡೆ, ಜಲ್ಲಿ, ಮಣ್ಣು ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ತರುತ್ತದೆಯಾದ್ದರಿಂದ, ಹಿಮನದಿಯೆಂದರೆ ಶುಭ್ರಧವಳವಾದ ಹಾಸೆಂದು ಭಾವಿಸಿ ಹೋದವರು ಗೋಮುಖದ ಮೇಲ್ಭಾಗದಲ್ಲಿ ಬೂದುಬಣ್ಣದ ಕಲ್ಲುಗಳ ಗುಡ್ಡವನ್ನೇ ಕಂಡು ವಿಸ್ಮಿತರಾಗುತ್ತಾರೆ. ಮಂಜುಗಡ್ಡೆಯು ಆ ಕಲ್ಲುಗಳ ಕೆಳಗಿದೆ. ತಳದ ಬಂಡೆಯನ್ನು ಉಜ್ಜಿ ಉಜ್ಜಿ ಅದು ಮಾಡಿದ ನಯವಾದ ಹುಡಿಯೇ ಭಾಗೀರಥಿಯ ನೀರಿಗೆ ಆ ಹಾಲುಬೆರೆತ ಬೂದುಬಣ್ಣವನ್ನು ಕೊಡುವುದು.

ಹಿಮನದಿಯ ಈ ಮುಖವು, ಎಂದರೆ ಗೋಮುಖವು, ಒಂದೆಡೆ ನಿಂತಿರುವುದಲ್ಲ. 1817ರಲ್ಲಿ ಹಾಡ್ಜ್‌ಸನ್ ಮತ್ತು ಹರ್ಬರ್ಟ್ ಎಂಬ ಇಬ್ಬರು ಮೋಜಣಿ ಅಧಿಕಾರಿಗಳು ಇಲ್ಲಿಗೆ ಬಂದು, ಹಿಮರಾಶಿಯ ತಳದ ಕಮಾನಿನೊಳಗಿಂದ ನದಿಯು ಹೊರಬರುವುದನ್ನು ಕಂಡು ವರ್ಣಿಸಿದರು. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಜೆ. ಬಿ. ಆಡೆನ್ ಎಂಬ ಭೂವಿಜ್ಞಾನಿ, ಇಂಗ್ಲಿಷ್ ಕವಿ ಆಡೆನ್‌ನ ಸೋದರ, ಹಿಮನದಿಯ ಮುಖವನ್ನು ಕ್ರಮವಾಗಿ ಅಳೆದು ನಕ್ಷೆ ಮಾಡಿದನು. ಅಂದಿನಿಂದ ನಡೆದ ಅಳತೆಗಳನ್ನು ಹೋಲಿಸಿದರೆ ಮುಖವು ಕಳೆದ ಶತಮಾನದ ಅಂತ್ಯದವರೆಗೆ ವರ್ಷಕ್ಕೆ ಸರಾಸರಿ ಸುಮಾರು 20 ಮೀಟರಿನಂತೆ ಹಿಂದಕ್ಕೆ ಸರಿದಿದೆ. ಅಂದರೆ ಆಡೆನ್ ನಿಂತು ನೋಡಿದ ಹಿಮದ ಗೋಡೆಯ ಸ್ಥಳದಲ್ಲಿ ಈಗ ಬರಿಯ ಕಲ್ಲುಹರವಿದ್ದು, ಇಂದಿನ ಯಾತ್ರಿಕನು ಅದರ ಮೇಲೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ನಡೆದುಹೋಗಬೇಕು. ನಡುವೆ ಹಠಾತ್ತಾದ ವ್ಯತ್ಯಾಸಗಳೂ ಉಂಟು. 2017ರ ಜುಲೈಯಲ್ಲಿ ಮೇರು ಹಿಮನದಿಯ ಕಡೆಯಿಂದ ನುಗ್ಗಿದ ಕಲ್ಲುಮಣ್ಣಿನ ಪ್ರವಾಹವು ಗೋಮುಖದ ಮುಂದೆಯೇ ರಾಶಿಯಾಗಿ ಬಿದ್ದು, ನದಿಯು ಅಲ್ಲಿ ತನ್ನ ಪಾತ್ರವನ್ನೇ ಬದಲಿಸಿತು. ಇದರಿಂದ ಯಾತ್ರಿಕನು ಕಲಿಯಬೇಕಾದ ವ್ಯವಹಾರದ ಪಾಠವೊಂದಿದೆ: ಹಿಂದೊಮ್ಮೆ ಹೋಗಿಬಂದ ಮಿತ್ರರು ಎಷ್ಟೇ ಪ್ರಾಮಾಣಿಕರಾಗಿರಲಿ, ಅವರ ಪ್ರವಾಸಕಥನ ಎಷ್ಟೇ ಸ್ವಾರಸ್ಯವಾಗಿರಲಿ, ದಾರಿಯ ವಿಷಯದಲ್ಲಿ ಅವರ ಮಾತನ್ನು ಪ್ರಮಾಣವೆಂದು ಸ್ವೀಕರಿಸಬಾರದು. ಈ ವರ್ಷದ ದಾರಿಯನ್ನು ಬಲ್ಲವರು ಗಂಗೋತ್ರಿಯ ಮಾರ್ಗದರ್ಶಿಗಳು, ಪೋರ್ಟರುಗಳು ಮತ್ತು ಅರಣ್ಯರಕ್ಷಕರು.

ಇನ್ನು ಕಾಲದ ವಿಚಾರ. ಉದ್ಯಾನದ ದ್ವಾರವು ಏಪ್ರಿಲ್ ತಿಂಗಳ ಆದಿಯಿಂದ ನವೆಂಬರ್ ಕೊನೆಯವರೆಗೆ ತೆರೆದಿರುವುದು ವಾಡಿಕೆಯಾದರೂ, ಈ ಎಂಟು ತಿಂಗಳುಗಳೂ ನಡಿಗೆಗೆ ಸಮಾನವಾಗಿ ಯೋಗ್ಯವಲ್ಲ. ಏಪ್ರಿಲಿನಲ್ಲಿ ದಾರಿಯನ್ನು ಅಡ್ಡಹಾಯುವ ಕಣಿವೆಗಳಲ್ಲಿ ಹಿಮವು ಇನ್ನೂ ತುಂಬಿಕೊಂಡಿರುತ್ತದೆ. ಅಕ್ಷಯ ತೃತೀಯೆಯ ದಿನ ಗಂಗೋತ್ರಿಯ ದೇವಾಲಯದ ಬಾಗಿಲು ತೆರೆದ ಮೇಲೆ ಮೇ, ಜೂನ್ ತಿಂಗಳುಗಳಲ್ಲಿ ಹವೆಯು ಬಹುಮಟ್ಟಿಗೆ ಅನುಕೂಲವಾಗಿರುವುದಾದರೂ, ಚಾರ್‌ಧಾಮ್ ಯಾತ್ರೆಯ ಜನಸಂದಣಿಯಿಂದ ರಸ್ತೆಯೂ ವಸತಿಗಳೂ ಕಿಕ್ಕಿರಿದಿರುತ್ತವೆ. ಜುಲೈಯಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆಗಾಲ. ಗೋಮುಖದ ಕಣಿವೆಯಲ್ಲಿ ಮಳೆಯು ಕೆಳಗಿನ ಬೆಟ್ಟಗಳಲ್ಲಿರುವಷ್ಟು ಬಿರುಸಲ್ಲವೆಂಬುದು ನಿಜ. ಆದರೆ ಆ ಕಣಿವೆಯನ್ನು ತಲುಪಿಸುವ ರಸ್ತೆ ಆ ಕೆಳಗಿನ ಬೆಟ್ಟಗಳನ್ನೇ ಹಾದು ಬರುತ್ತದೆಂಬುದನ್ನು ಮರೆಯಲಾಗದು. 2025ರ ಆಗಸ್ಟ್ 5ರಂದು ಹರ್ಸಿಲಿನ ಸಮೀಪದ ಧರಾಲಿ ಗ್ರಾಮದ ಮೇಲೆ ಖೀರ್‌ಗಂಗಾ ಎಂಬ ಹಳ್ಳವು ಕೆಸರು ಬಂಡೆಗಳ ಪ್ರವಾಹವಾಗಿ ಎರಗಿ, ಕ್ಷಣಾರ್ಧದಲ್ಲಿ ಮನೆಗಳನ್ನೂ ವಸತಿಗೃಹಗಳನ್ನೂ ಕೊಚ್ಚಿಹಾಕಿದ ದೃಶ್ಯವನ್ನು ದೇಶವೇ ನೋಡಿತು. ಗಂಗೋತ್ರಿಗೆ ಹೋಗುವ ಪ್ರತಿಯೊಬ್ಬನೂ ಹಾದುಹೋಗುವ ಗ್ರಾಮ ಅದು. ರಜೆ ಸಿಕ್ಕುವುದು ಮಳೆಗಾಲದಲ್ಲಿ ಮಾತ್ರವೆನ್ನುವವರಿಗೆ ನಾನು ಹೇಳುವುದಿಷ್ಟೆ: ಆ ವರ್ಷ ಬೇಡ, ಮುಂದಿನ ವರ್ಷಕ್ಕೆ ರಜೆಯನ್ನು ಸರಿಹೊಂದಿಸಿಕೊಳ್ಳಿ. ಸೆಪ್ಟೆಂಬರಿನ ಮೂರನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿಯೇ ನನ್ನ ದೃಷ್ಟಿಯಲ್ಲಿ ಸರ್ವೋತ್ತಮವಾದದ್ದು. ಮಳೆಯಲ್ಲಿ ತೊಳೆದ ಆಕಾಶವು ನಿರ್ಮಲವಾಗಿ, ಭಾಗೀರಥೀ ಶಿಖರತ್ರಯವೂ ಶಿವಲಿಂಗ ಶಿಖರವೂ ಬೆಳಗಿನಿಂದ ಸಂಜೆಯವರೆಗೆ ಸ್ಪಷ್ಟವಾಗಿ ಕಾಣುತ್ತವೆ, ಜನರು ವಿರಳ, ರಾತ್ರಿಯ ಶೀತವೊಂದೇ ತೀಕ್ಷ್ಣ. ದೀಪಾವಳಿಯ ಮರುದಿನ ದೇವಾಲಯವು ಮುಚ್ಚಿ, ಗಂಗೆಯ ಉತ್ಸವಮೂರ್ತಿಯು ಚಳಿಗಾಲಕ್ಕೆಂದು ಮುಖಬಾ ಗ್ರಾಮಕ್ಕೆ ಇಳಿದ ಮೇಲೆ ಗಂಗೋತ್ರಿಯ ಅಂಗಡಿಮುಂಗಟ್ಟುಗಳೂ ಒಂದೊಂದಾಗಿ ಬಾಗಿಲೆಳೆದುಕೊಳ್ಳುತ್ತವೆ.

ಅನುಮತಿಯ ವ್ಯವಸ್ಥೆಯನ್ನು ಕೆಲವರು ತೊಡಕೆಂದು ಬಗೆಯುತ್ತಾರೆ. ಗೋಮುಖಕ್ಕೆ ದಿನವೊಂದಕ್ಕೆ 150 ಮಂದಿಗಿಂತ ಹೆಚ್ಚು ಜನರನ್ನು ಬಿಡಬಾರದೆಂಬ ನಿಯಮವು 2008ರಿಂದ ಆಚರಣೆಯಲ್ಲಿದೆ. ಅನುಮತಿಪತ್ರವನ್ನು ಅರಣ್ಯ ಇಲಾಖೆಯಿಂದ ಪಡೆದು, ಗುರುತಿನ ಚೀಟಿಯೊಡನೆ, ಗಂಗೋತ್ರಿಯಿಂದ ಸ್ವಲ್ಪ ದೂರ ನಡೆದ ಮೇಲೆ ಸಿಕ್ಕುವ ಕನಖೂ ಎಂಬ ತಪಾಸಣಾ ಠಾಣೆಯಲ್ಲಿ ತೋರಿಸಬೇಕು. ಚಾರ್‌ಧಾಮ್ ಯಾತ್ರಿಕರಿಗೆ ವಿಧಿಸಿರುವ ಸರಕಾರದ ನೋಂದಣಿಯು ಇದಕ್ಕಿಂತ ಬೇರೆಯದು; ಒಂದನ್ನು ಮಾಡಿಸಿದವರು ಇನ್ನೊಂದೂ ಆಯಿತೆಂದು ತಿಳಿಯಬಾರದು. ಜನದಟ್ಟಣೆಯ ತಿಂಗಳುಗಳಲ್ಲಿ ದಿನದ ಸಂಖ್ಯೆಯು ಬೇಗ ತುಂಬುವುದರಿಂದ, ವಿಮಾನದ ಟಿಕೆಟ್ಟನ್ನು ಕೊಳ್ಳುವ ಮೊದಲು ಅನುಮತಿಯ ಸಾಧ್ಯತೆಯನ್ನು ವಿಚಾರಿಸುವುದು ವಿವೇಕ. ಈ ನಿರ್ಬಂಧದ ಔಚಿತ್ಯವನ್ನು ಅರಿಯಬೇಕಾದರೆ ಭೋಜಬಾಸಾದ ಕಥೆಯನ್ನು ತಿಳಿಯಬೇಕು.

ಗಂಗೋತ್ರಿಯಿಂದ ಗೋಮುಖಕ್ಕೆ 18 ಕಿಲೋಮೀಟರ್; ಮೊದಲ 9 ಕಿಲೋಮೀಟರಿಗೆ ಚೀರ್‌ಬಾಸಾ, 14ಕ್ಕೆ ಭೋಜಬಾಸಾ. ಹೆಸರೇ ಸೂಚಿಸುವಂತೆ ಇಲ್ಲಿ ಹಿಂದೆ ಭೋಜವೃಕ್ಷಗಳ ವನವಿದ್ದಿತು. ನಮ್ಮ ಪೂರ್ವಿಕರು ಶಾಸ್ತ್ರಗ್ರಂಥಗಳನ್ನು ಬರೆದಿಡಲು ಬಳಸಿದ ಭೂರ್ಜಪತ್ರವು ಇದೇ ಮರದ ತೊಗಟೆ. ಮರಗಳು ಬೆಳೆಯಬಲ್ಲ ಕಟ್ಟಕಡೆಯ ಎತ್ತರದಲ್ಲಿ, ವರ್ಷದ ಅರ್ಧಭಾಗವನ್ನು ಹಿಮದಡಿಯಲ್ಲಿ ಕಳೆದು, ಉಳಿದರ್ಧದಲ್ಲಿ ಅಂಗುಲ ಅಂಗುಲವಾಗಿ ಬೆಳೆಯುವ ಈ ವೃಕ್ಷಗಳನ್ನು, ಯಾತ್ರಿಕರ ಸಂಖ್ಯೆ ಏರಿದಂತೆಲ್ಲ, ಚಹಾ ಕಾಯಿಸಲೂ ಅನ್ನ ಬೇಯಿಸಲೂ ಚಳಿ ಕಾಯಿಸಿಕೊಳ್ಳಲೂ ಕಡಿದು ಕಡಿದು, ಕೊನೆಗೆ ಹೆಸರೊಂದೇ ಉಳಿಯುವ ಸ್ಥಿತಿ ಬಂದಿತು. ನಂದಾದೇವಿ ಶಿಖರವನ್ನು 1981ರಲ್ಲಿ ಏರಿದ ಪರ್ವತಾರೋಹಿಯೂ ಅರ್ಥಶಾಸ್ತ್ರದ ಪ್ರಾಧ್ಯಾಪಿಕೆಯೂ ಆದ ಹರ್ಷವಂತಿ ಬಿಷ್ಟ್ ಅವರು ಇದನ್ನು ಕಂಡು ಸುಮ್ಮನಿರಲಾರದೆ, ಗಂಗೋತ್ರಿಯನ್ನು ಉಳಿಸುವ ಕಾರ್ಯಕ್ಕೆ ತೊಡಗಿ, ಚೀರ್‌ಬಾಸಾದಲ್ಲಿ ಸಸಿಗಳನ್ನು ಬೆಳೆಸಿ, 1990ರ ದಶಕದಲ್ಲಿ ಭೋಜಬಾಸಾದಲ್ಲಿ ಭೋಜವೃಕ್ಷದ ಸಸಿಗಳನ್ನು ನೆಡಿಸಿದರು. ಪ್ರಾಣಿಗಳು ಮೇಯದಂತೆ ಬೇಲಿ ಕಟ್ಟಿ, ಹಿಮದ ಹೊಡೆತಕ್ಕೆ ಸತ್ತ ಸಸಿಗಳ ಜಾಗದಲ್ಲಿ ಮತ್ತೆ ನೆಟ್ಟು, ವರ್ಷಾನುವರ್ಷ ನಡೆಸಿದ ಪ್ರಯತ್ನವದು. ಅವರು 2021ರಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಪ್ರಥಮ ಮಹಿಳಾ ಅಧ್ಯಕ್ಷೆಯಾಗಿ ಚುನಾಯಿತರಾದಾಗ ಪತ್ರಿಕೆಗಳು ಶಿಖರಾರೋಹಣಗಳನ್ನೇ ಹೆಚ್ಚಾಗಿ ಸ್ಮರಿಸಿದವು; ನನಗಾದರೋ ಆ ನೆಡುತೋಪು ಯಾವ ಶಿಖರಕ್ಕೂ ಕಡಿಮೆಯಾದ ಸಾಧನೆಯೆಂದು ತೋರುವುದಿಲ್ಲ. ದಿನಕ್ಕೆ 150 ಮಂದಿ ಎಂಬ ಮಿತಿಯು ಆ ಸಸಿಗಳ ಪಕ್ಷದಲ್ಲಿದೆ. ಯಾತ್ರಿಕನು ಅದರ ಪಕ್ಷದಲ್ಲಿಯೇ ನಿಲ್ಲಬೇಕು. ಸೌದೆ ಉರಿಸಬಾರದು, ಒಯ್ದ ಪ್ಲಾಸ್ಟಿಕ್ ಚೀಲ ಬಾಟಲಿಗಳನ್ನೆಲ್ಲ ಹಿಂದಕ್ಕೆ ತರಬೇಕು.

ದಿನಗಳ ಲೆಕ್ಕಕ್ಕೆ ಈಗ ಬರೋಣ. ಬೆಂಗಳೂರಿನಿಂದ ಬೆಳಿಗ್ಗೆ ವಿಮಾನವೇರಿದವರು ಮಧ್ಯಾಹ್ನಕ್ಕೆ ದೆಹರಾದೂನಿನಲ್ಲಿರುತ್ತಾರೆ. ಮರುದಿನ ಒಂದೇ ದಿನದಲ್ಲಿ ಗಂಗೋತ್ರಿಗೆ ಮುಟ್ಟಿಸುವ ವಾಹನಗಳೂ ಇವೆ. ಅದರ ಮರುದಿನ ಭೋಜಬಾಸಾ, ನಾಲ್ಕನೆಯ ದಿನ ಗೋಮುಖ. ಕಾಗದದ ಮೇಲೆ ಇದು ಸುಂದರವಾದ ಕಾರ್ಯಕ್ರಮ. ಶರೀರದ ಮೇಲೆ ಇದು ಅಪಚಾರ. 4,000 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಮೂರು ಪಾಲು ಮಾತ್ರ. ಒಂದೊಂದು ಉಸಿರಿನಲ್ಲಿಯೂ ಒಳಹೋಗುವ ಆಮ್ಲಜನಕವು ಅದೇ ಪ್ರಮಾಣದಲ್ಲಿ ಕಡಿಮೆ. ಈ ಕೊರತೆಗೆ ಶರೀರವು ಹೊಂದಿಕೊಳ್ಳುವುದುಂಟು: ಉಸಿರಾಟವು ಹೆಚ್ಚಿ, ಮೂತ್ರಪಿಂಡಗಳು ರಕ್ತದ ಆಮ್ಲಕ್ಷಾರಗಳ ಸಮತೋಲವನ್ನು ಸರಿಪಡಿಸಿ, ಕ್ರಮೇಣ ರಕ್ತದ ಕೆಂಪುಕಣಗಳು ವೃದ್ಧಿಯಾಗುತ್ತವೆ. ಆದರೆ ಇವೆಲ್ಲಕ್ಕೂ ದಿನಗಳು ಬೇಕು. 3,000 ಮೀಟರಿನ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂದೂ, ಪ್ರತಿ 1,000 ಮೀಟರಿಗೆ ಒಂದು ದಿನ ಹೆಚ್ಚಾಗಿ ನಿಲ್ಲಬೇಕೆಂದೂ ವೈದ್ಯರು ಹೇಳುತ್ತಾರೆ. ಗಂಗೋತ್ರಿಯಿಂದ ಭೋಜಬಾಸಾಕ್ಕೆ ಏರುವುದು ಸುಮಾರು 700 ಮೀಟರ್. ಒಂದೇ ದಿನದಲ್ಲಿ ಇಷ್ಟನ್ನು ಏರುವವರು ಈ ಅತಿರೇಕವನ್ನು ಗಂಗೋತ್ರಿಯಲ್ಲಿಯೇ ಮುಂಚಿತವಾಗಿ ತೀರಿಸಿಕೊಳ್ಳಬೇಕು.

ಆದ್ದರಿಂದ ನನ್ನ ಸಲಹೆ ಇದು. ದೆಹರಾದೂನ್ ಅಥವಾ ಋಷಿಕೇಶದಿಂದ ಹೊರಟು ಮೊದಲ ರಾತ್ರಿ ಉತ್ತರಕಾಶಿಯಲ್ಲಿ. ಅಲ್ಲಿಯ ನೆಹರೂ ಪರ್ವತಾರೋಹಣ ಸಂಸ್ಥೆಯು 1965ರಿಂದ ನಮ್ಮ ದೇಶದ ಪರ್ವತಾರೋಹಿಗಳನ್ನು ತಯಾರಿಸುತ್ತ ಬಂದಿದೆ. ಎರಡನೆಯ ರಾತ್ರಿ ಹರ್ಸಿಲಿನಲ್ಲಿ. ದೇವದಾರು ವನಗಳ ನಡುವೆ ನದಿಯು ವಿಶಾಲವಾಗಿ ಹರಡಿಕೊಂಡಿರುವ ಆ ಬಯಲಿನಲ್ಲಿ ಒಂದಕ್ಕೆ ಎರಡು ರಾತ್ರಿ ಕಳೆದರೂ ಯಾರೂ ಪಶ್ಚಾತ್ತಾಪಪಡಲಾರರು. ಆಮೇಲೆ ಗಂಗೋತ್ರಿಯಲ್ಲಿ ಎರಡು ಪೂರ್ಣ ರಾತ್ರಿಗಳು. ಮೊದಲ ದಿನ ದೇವದರ್ಶನ, ನದಿಯು ಬಂಡೆಗಳನ್ನು ಕೊರೆದು ಧುಮುಕುವ ಸೂರ್ಯಕುಂಡ, ಗೌರೀಕುಂಡಗಳು; ಮರುದಿನ ಕಾಡಿನ ದಾರಿಯಲ್ಲಿ ಪಾಂಡವ ಗುಹೆಯವರೆಗೆ ಒಂದು ನಿಧಾನವಾದ ನಡಿಗೆ. ಗಂಗೋತ್ರಿಯಲ್ಲಿ ಸ್ವಾಮಿ ಸುಂದರಾನಂದರು ಕಟ್ಟಿಸಿದ ಚಿತ್ರಶಾಲೆಯಿದೆ. ಆಂಧ್ರದಲ್ಲಿ ಜನಿಸಿ, ಯೌವನದಲ್ಲಿಯೇ ಇಲ್ಲಿಗೆ ಬಂದು ತಪೋವನ ಮಹಾರಾಜರ ಶಿಷ್ಯರಾಗಿ, 2020ರಲ್ಲಿ ದೇಹವಿಡುವವರೆಗೆ ಈ ಪರ್ವತಗಳನ್ನೂ ಹಿಮನದಿಯನ್ನೂ ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಲೇ ಇದ್ದ ಸಂನ್ಯಾಸಿ ಅವರು. ದಶಕಗಳ ಅಂತರದಲ್ಲಿ ತೆಗೆದ ಗೋಮುಖದ ಚಿತ್ರಗಳು ಹಿಮದ ಕ್ಷಯಕ್ಕೆ ಯಾವ ವರದಿಗಿಂತಲೂ ಮಿಗಿಲಾದ ಸಾಕ್ಷ್ಯ ನುಡಿಯುತ್ತವೆ. ನಡೆಯುವ ಮುಂಚೆ ಅವನ್ನು ನೋಡಿದವರಿಗೆ ನಡೆದ ಮೇಲೆ ಕಾಣುವ ಕಲ್ಲುಹರವಿನ ಅರ್ಥವಾಗುತ್ತದೆ. ಆ ಮೇಲಣ ದಿನ ಭೋಜಬಾಸಾ. ಅದರ ಮರುದಿನ ಬೆಳಗಿನಲ್ಲಿ ಗೋಮುಖವನ್ನು ಕಂಡು, ಅಂದೇ ಗಂಗೋತ್ರಿಗೆ ಇಳಿಯುವುದು. ಇಷ್ಟರ ಮೇಲೆ ಯಾವ ಕಾರ್ಯಕ್ಕೂ ನಿಯಮಿಸದ ಎರಡು ದಿನಗಳನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು. ಅವು ಭೂಕುಸಿತಕ್ಕೆ, ಮೋಡಕ್ಕೆ, ಜ್ವರಕ್ಕೆ ಮೀಸಲು. ಮನೆಯಿಂದ ಮನೆಗೆ ಹನ್ನೊಂದು ಹನ್ನೆರಡು ದಿನಗಳಾದವು. ಏಳು ದಿನ ಮಾತ್ರ ದೊರೆತವರು ಗೋಮುಖವನ್ನು ಬಿಟ್ಟು ಹರ್ಸಿಲ್ ಮತ್ತು ಗಂಗೋತ್ರಿಗಳನ್ನು ತೃಪ್ತಿಯಾಗಿ ನೋಡಿ ಬರುವುದು ಲೇಸು.

ಎತ್ತರದ ಬಾಧೆಯು ಯಾರಿಗೆ ತಟ್ಟುವುದೆಂದು ಮೊದಲೇ ಹೇಳಲು ಬಾರದು. ಪ್ರಾಯದ ಬಲವಾಗಲಿ ವ್ಯಾಯಾಮದ ಬಲವಾಗಲಿ ಅದಕ್ಕೆ ಕವಚವಲ್ಲ. ಬಲಿಷ್ಠರಾದ ತರುಣರು ವೇಗವಾಗಿ ಏರುವುದರಿಂದಲೇ ಹೆಚ್ಚಾಗಿ ಅದಕ್ಕೆ ತುತ್ತಾಗುವುದುಂಟು. ತಲೆನೋವು, ವಾಕರಿಕೆ, ಹಸಿವಿಲ್ಲದಿರುವಿಕೆ, ನಿದ್ರಾಭಂಗ ಇವು ಮೊದಲ ಲಕ್ಷಣಗಳು. ಇವು ಕಂಡಾಗ ಅಲ್ಲಿಯೇ ನಿಲ್ಲಬೇಕು, ಮೇಲಕ್ಕೆ ಹೋಗಬಾರದು. ಕುಳಿತಿದ್ದಾಗಲೂ ಏದುಸಿರು, ನಿಲ್ಲದ ಕೆಮ್ಮು, ಅಥವಾ ಹಿಮ್ಮಡಿಗೆ ಬೆರಳು ತಾಗಿಸಿ ನೇರವಾಗಿ ಹತ್ತು ಹೆಜ್ಜೆ ಇಡಲಾರದಷ್ಟು ತೂರಾಟ ಕಂಡುಬಂದರೆ ಪುಪ್ಪುಸಕ್ಕೋ ಮೆದುಳಿಗೋ ನೀರು ಸೇರುತ್ತಿದೆಯೆಂದು ತಿಳಿದು, ರಾತ್ರಿಯೆನ್ನದೆ ಹಗಲೆನ್ನದೆ ಕೆಳಕ್ಕೆ ಇಳಿಸಬೇಕು. ಇಳಿಯುವುದೇ ಮುಖ್ಯ ಚಿಕಿತ್ಸೆ. ಔಷಧವೂ ಆಮ್ಲಜನಕವೂ ಅದಕ್ಕೆ ಸಹಾಯಕಗಳು. ಎತ್ತರಕ್ಕೆ ಹೊಂದಿಕೊಳ್ಳಲು ಅಸಿಟಜೋಲಮೈಡ್ ಮಾತ್ರೆಯನ್ನು ಕೊಡುವುದುಂಟು. ಆದರೆ ಅದು ಎಲ್ಲರಿಗೂ ಒಗ್ಗತಕ್ಕದ್ದಲ್ಲವಾಗಿ, ಊರಿನಲ್ಲಿಯೇ ವೈದ್ಯರನ್ನು ಕಂಡು, ಹೃದಯ, ರಕ್ತದೊತ್ತಡ, ಉಬ್ಬಸಗಳ ವಿಷಯವನ್ನು ಬಿಚ್ಚಿ ಹೇಳಿ, ಅವರ ಸಮ್ಮತಿಯಿಂದಲೇ ಸೇವಿಸಬೇಕು. ತಂಡದಲ್ಲಿ ಒಬ್ಬರಿಗೆ ಹೀಗಾದಾಗ ಉಳಿದವರು ಮುಂದುವರಿದು ಅವರನ್ನು ಒಂಟಿಯಾಗಿ ಕೆಳಗೆ ಕಳುಹಿಸುವುದು ಸರ್ವಥಾ ಸಲ್ಲದು. ಯಾರು ಜೊತೆಗೆ ಇಳಿಯುವರೆಂಬುದನ್ನು ಮನೆಯಿಂದ ಹೊರಡುವ ಮೊದಲೇ ನಿರ್ಧರಿಸಿಕೊಂಡಿರುವುದು ಮೇಲು.

ಇದೇ ಉತ್ತರಕಾಶಿ ಜಿಲ್ಲೆಯ ಎತ್ತರದಲ್ಲಿರುವ ಸಹಸ್ರತಾಲ ಎಂಬ ಸರೋವರಗಳ ಚಾರಣಕ್ಕೆ 2024ರ ಜೂನ್ ತಿಂಗಳ ಆರಂಭದಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡವು ಹಿಂದಿರುಗುವ ದಾರಿಯಲ್ಲಿ ಹಿಮಮಾರುತಕ್ಕೆ ಸಿಲುಕಿ, ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಉಳಿದವರನ್ನು ಹೆಲಿಕಾಪ್ಟರುಗಳಿಂದ ಕೆಳಗಿಳಿಸಬೇಕಾಯಿತು. ಅವರ ಮನೆಗಳ ದುಃಖವನ್ನು ನೆನೆದಾಗ ವಿಶ್ಲೇಷಣೆಯ ಮಾತು ನಾಲಗೆಗೆ ಬಾರದು. ಆದರೆ ಬದುಕಿರುವ ನಾವು ಇಷ್ಟನ್ನಾದರೂ ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು: ಜೂನ್ ತಿಂಗಳೆಂಬುದು ಹಿಮಾಲಯದ ಮೇಲ್ಗಡೆಯಲ್ಲಿ ಬೇಸಗೆಯ ಅಭಯವನ್ನು ಕೊಡುವುದಿಲ್ಲ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದೆಂಬ ಲೆಕ್ಕದಲ್ಲಿ, ಬೆಂಗಳೂರಿನಷ್ಟು ಎತ್ತರದ ಸ್ಥಳಕ್ಕೂ ಗೋಮುಖಕ್ಕೂ 20 ಡಿಗ್ರಿಗಳ ಅಂತರ ಸಹಜ. ಅದರ ಮೇಲೆ ಗಾಳಿ, ಅದರ ಮೇಲೆ ತೋಯ್ದ ಬಟ್ಟೆ. ಮನುಷ್ಯನನ್ನು ಕೊಲ್ಲುವುದು ಬಹುಮಟ್ಟಿಗೆ ಈ ಮೂರರ ಕೂಟ. ಒದ್ದೆಯಾದ ಹತ್ತಿಬಟ್ಟೆಯು ಮೈಯ ಕಾವನ್ನು ಹೀರಿಬಿಡುವುದರಿಂದ ಚಾರಣದಲ್ಲಿ ಹತ್ತಿಯನ್ನು ವರ್ಜಿಸಿ, ಉಣ್ಣೆಯ ಅಥವಾ ಬೇಗ ಆರುವ ಕೃತಕ ನೂಲಿನ ಒಳಉಡುಪು, ಅದರ ಮೇಲೆ ಬೆಚ್ಚನೆಯ ಅಂಗಿ, ಎಲ್ಲಕ್ಕೂ ಮೇಲೆ ನೀರನ್ನೂ ಗಾಳಿಯನ್ನೂ ತಡೆಯುವ ಜಾಕೆಟ್ಟು, ಹೀಗೆ ಪದರಪದರವಾಗಿ ತೊಡಬೇಕು. ಹೊರಗಿನ ಜಾಕೆಟ್ಟು, ಕೈಗವಸು, ಕುಲಾವಿ, ಟಾರ್ಚು, ಒಂದು ದಿನದ ಉಪಾಹಾರ ಇವು ಪೋರ್ಟರಿನ ಹೊರೆಯಲ್ಲಿ ಹೋಗದೆ ಅವರವರ ಬೆನ್ನಚೀಲದಲ್ಲಿಯೇ ಇರಬೇಕು. ಬೂಟುಗಳನ್ನು ಎರಡು ತಿಂಗಳ ಮೊದಲೇ ಕೊಂಡು, ನಮ್ಮ ಘಟ್ಟಗಳಲ್ಲಿ ನಡೆದು ಪಳಗಿಸಬೇಕು. ಹಿಮದ ಮೇಲಿನ ಬಿಸಿಲು ಕಣ್ಣನ್ನು ಸುಡುವುದರಿಂದ ಒಳ್ಳೆಯ ತಂಪುಕನ್ನಡಕವು ಅತ್ಯಾವಶ್ಯಕ. ಮಿಕ್ಕ ಸಾಮಾನಿನ ಪಟ್ಟಿಯನ್ನು ಯಾವ ಅಂಗಡಿಯವನಾದರೂ ಕೊಟ್ಟಾನು.

ನಡಿಗೆಯ ಆರಂಭವು ಬೆಳಗಿನ ಜಾವದಲ್ಲಿಯೇ ಆಗಬೇಕು. ಇದಕ್ಕೆ ಎರಡು ಕಾರಣ. ಹಗಲೇರಿದಂತೆ ಮೇಲಿನ ಹಿಮವು ಕರಗಿ, ದಾರಿಯನ್ನು ಅಡ್ಡಹಾಯುವ ತೊರೆಗಳು ಉಕ್ಕುತ್ತವೆ. ಬೆಳಿಗ್ಗೆ ಹಲಗೆಯ ಸೇತುವೆಯ ಮೇಲೆ ಸುಲಭವಾಗಿ ದಾಟಿದ ತೊರೆಯು ಸಂಜೆಗೆ ಭಯಂಕರವಾಗಿರಬಲ್ಲದು. ಎರಡನೆಯದಾಗಿ, ರಾತ್ರಿಯ ಶೀತದಲ್ಲಿ ಹೆಪ್ಪುಗಟ್ಟಿ ಹಿಡಿದುಕೊಂಡಿದ್ದ ಕಲ್ಲುಗಳು ಬಿಸಿಲಿಗೆ ಬಂಧ ಸಡಿಲಿ ಉರುಳುತ್ತವೆ. ಚೀರ್‌ಬಾಸಾದಿಂದ ಭೋಜಬಾಸಾಕ್ಕೆ ಹೋಗುವ ಭಾಗದಲ್ಲಿ ಇಂಥ ಸಡಿಲವಾದ ಇಳಿಜಾರುಗಳು ಬಹಳ. ಅಲ್ಲಿ ನಿಂತು ಚಿತ್ರ ತೆಗೆಯುವುದಾಗಲಿ ಕುಳಿತು ವಿಶ್ರಮಿಸುವುದಾಗಲಿ ಕೂಡದು. ಮೇಲಕ್ಕೆ ಕಣ್ಣಿಟ್ಟು, ಒಬ್ಬರ ಹಿಂದೊಬ್ಬರು ಅಂತರ ಬಿಟ್ಟು, ಬೇಗ ದಾಟಬೇಕು. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿಯ ಬಿರುಸೂ ಹೆಚ್ಚುತ್ತದೆ. ಭೋಜಬಾಸಾದಲ್ಲಿ ಗಢವಾಲ ಮಂಡಲ ವಿಕಾಸ ನಿಗಮದ ವಸತಿಗೃಹವೂ, ಬಂದವರಿಗೆ ಅನ್ನವಿಕ್ಕಿ ಹಾಸಿಗೆ ಕೊಡುವ ಲಾಲ್ ಬಾಬಾ ಆಶ್ರಮವೂ ಇವೆ. ಆ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 87 ಡಿಗ್ರಿಗಳಲ್ಲಿಯೇ ಆದ್ದರಿಂದ ಬೇಳೆಯು ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಬಿಸಿಯಾದ ಅನ್ನ, ಸಾರಿನಂಥ ದಾಲ್, ಚಹಾ ಇಷ್ಟು ದೊರೆತರೆ ಅದನ್ನು ಒದಗಿಸಿದವರ ಶ್ರಮವನ್ನು ನೆನೆದು ಕೃತಜ್ಞತೆಯಿಂದ ಉಣಬೇಕು.

ಗೋಮುಖದ ಬಳಿಗೆ ಬಂದ ಯಾತ್ರಿಕನಿಗೆ ಭಕ್ತಿಯೂ ಕುತೂಹಲವೂ ಒಟ್ಟಾಗಿ, ಹಿಮದ ಗೋಡೆಯನ್ನು ಕೈಯಿಂದ ಮುಟ್ಟಬೇಕು, ನದಿಯು ಹೊರಬರುವ ಬಾಯಲ್ಲಿಯೇ ನೀರು ತುಂಬಿಕೊಳ್ಳಬೇಕು ಎಂಬ ಆಸೆ ಹುಟ್ಟುವುದು ಸಹಜ. ಈ ಆಸೆಯನ್ನು ಅಡಗಿಸಬೇಕು. ಆ ಗೋಡೆಯು ಕರಗುತ್ತಿರುವ, ಬಿರುಕುಬಿಟ್ಟ, ಕ್ಷಣಕ್ಷಣವೂ ಸಡಿಲುತ್ತಿರುವ ರಾಶಿ. ಮನೆಯಷ್ಟು ದೊಡ್ಡ ಗಡ್ಡೆಗಳು ಯಾವ ಮುನ್ಸೂಚನೆಯೂ ಇಲ್ಲದೆ ಕಳಚಿ ಬೀಳುತ್ತವೆ. ಅರಣ್ಯ ಇಲಾಖೆಯವರು ಗುರುತಿಸಿದ ಎಲ್ಲೆಯಲ್ಲಿ ನಿಂತರೂ ನೀರು ಅದೇ ಗಂಗೆಯ ನೀರು. ಹಿಮದ ಗೋಡೆಯು ಅಲ್ಲಿಂದ ಇಡಿಯಾಗಿ ಕಾಣುತ್ತದೆ, ಅದರ ಮೇಲೆ 6,856 ಮೀಟರಿನ ಮೊದಲನೆಯ ಭಾಗೀರಥೀ ಶಿಖರದ ತನಕ ಏರಿದ ಬಂಡೆಗಳ ಸಾಲೂ ಕಾಣುತ್ತದೆ. ಸ್ವಲ್ಪ ಹೊತ್ತು ಅಲ್ಲಿ ಕುಳಿತವರಿಗೆ ಕಲ್ಲು ಉರುಳುವ, ಗಡ್ಡೆ ಸಿಡಿಯುವ, ನೀರು ಒಳಗೊಳಗೇ ಮೊರೆಯುವ ಶಬ್ದಗಳು ಕೇಳಿಬರುತ್ತವೆ. ಹಿಮನದಿಯು ಚಲಿಸುತ್ತಿರುವ ವಸ್ತುವೆಂಬುದಕ್ಕೆ ಕಿವಿಯೇ ಪ್ರಮಾಣವಾಗುತ್ತದೆ.

ಗೋಮುಖದಿಂದಾಚೆಗೆ, 4,400 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, 6,543 ಮೀಟರಿನ ಶಿವಲಿಂಗ ಶಿಖರದ ಪಾದದಲ್ಲಿ ಹರಡಿರುವ ತಪೋವನವೆಂಬ ಹುಲ್ಲುಗಾವಲಿನ ಕೀರ್ತಿ ದೊಡ್ಡದು, ಅದರ ಸೌಂದರ್ಯವು ಆ ಕೀರ್ತಿಗೆ ತಕ್ಕದ್ದು. ಆದರೆ ಅದು ಬೇರೆಯೇ ವರ್ಗದ ಯಾತ್ರೆ. ಹಿಮನದಿಯ ಸುತ್ತಮುತ್ತಣ ಸಡಿಲವಾದ ಕಲ್ಲುರಾಶಿಗಳ ಮೇಲೆ, ವರ್ಷದಿಂದ ವರ್ಷಕ್ಕೆ ಬದಲಾಗುವ ದಾರಿಯಲ್ಲಿ, ಕಡಿದಾದ ಏರನ್ನು ಹತ್ತಬೇಕಾಗುತ್ತದೆ. ಪ್ರತ್ಯೇಕ ಅನುಮತಿ, ಅನುಭವಸ್ಥನಾದ ಸ್ಥಳೀಯ ಮಾರ್ಗದರ್ಶಿ, ಡೇರೆ, ಇನ್ನೂ ಎರಡು ಮೂರು ದಿನಗಳು ಇಲ್ಲದೆ ಅದಕ್ಕೆ ಕೈಹಾಕಬಾರದು. ಹಿಮಾಲಯದ ಮೊದಲ ಚಾರಣದಲ್ಲಿಯೇ ತಪೋವನವನ್ನು ಸೇರಿಸಿಕೊಳ್ಳುವುದಕ್ಕಿಂತ, ಗೋಮುಖದವರೆಗೆ ಶರೀರವು ಹೇಗೆ ನಡೆದುಕೊಂಡಿತೆಂಬುದನ್ನು ಕಂಡು ಇನ್ನೊಂದು ವರ್ಷಕ್ಕೆ ಅದನ್ನು ಇಟ್ಟುಕೊಳ್ಳುವುದು ಉಚಿತವೆಂದು ನನ್ನ ಖಚಿತವಾದ ಅಭಿಪ್ರಾಯ. ಕಾಲಿಂದೀ ಖಾಲ್ ಎಂಬ, 5,900 ಮೀಟರಿಗೂ ಎತ್ತರದ ಕಣಿವೆದಾರಿಯನ್ನು ದಾಟಿ ಬದರಿಗೆ ಹೋಗುವ ಮಾರ್ಗವು ಪರ್ವತಾರೋಹಿಗಳಿಗೆ ಸಲ್ಲತಕ್ಕದ್ದು. ಇಲ್ಲಿ ಅದರ ಪ್ರಸ್ತಾಪವೇ ಬೇಡ.

ಕೊನೆಯದಾಗಿ, ಒಂದು ಕುಟುಂಬದಿಂದ ನಾಲ್ವರು ಹೊರಟರೆ ನಾಲ್ವರೂ ಗೋಮುಖಕ್ಕೆ ನಡೆಯಬಲ್ಲವರಾಗಿರುವುದು ಅಪೂರ್ವ. ವೃದ್ಧರಾದ ತಾಯಿತಂದೆಗಳು ಗಂಗೋತ್ರಿಯವರೆಗೆ ಬಂದು ನಿಲ್ಲಬಹುದು. ಅಥವಾ ಅನುಮತಿಯೇ ಸಿಕ್ಕದೆ ಹೋಗಬಹುದು. ಇಂಥವರ ದಿನಗಳನ್ನೂ ಮೊದಲೇ ಯೋಚಿಸಿಟ್ಟಿರಬೇಕು. ಹರ್ಸಿಲಿನ ಎದುರು ದಡದ ಮುಖಬಾ ಗ್ರಾಮದಲ್ಲಿ ಗಂಗಾಮಾತೆಯ ಚಳಿಗಾಲದ ಮಂದಿರವನ್ನೂ, ಮರದ ಕೆತ್ತನೆಯ ಹಳೆಯ ಮನೆಗಳನ್ನೂ ನೋಡಬಹುದು. 1962ರ ಯುದ್ಧಕಾಲದಲ್ಲಿ ಗಡಿಯ ನೇಲಂಗ್ ಮತ್ತು ಜಾದುಂಗ್ ಗ್ರಾಮಗಳನ್ನು ತೊರೆದುಬರಬೇಕಾದ ಜಾಡ್ ಜನರು ನೆಲಸಿರುವ ಬಗೋರಿ ಹರ್ಸಿಲಿಗೆ ಹೊಂದಿಕೊಂಡೇ ಇದೆ. ಅಲ್ಲಿಯ ಹೆಂಗಸರು ನೇಯ್ದ ಉಣ್ಣೆಯ ಬಟ್ಟೆಗಳನ್ನು ಅವರ ಕೈಯಿಂದಲೇ ಕೊಳ್ಳಬಹುದು. ಟಿಬೆಟ್ಟಿನೊಡನೆ ವ್ಯಾಪಾರ ನಡೆಯುತ್ತಿದ್ದ ಕಾಲದಲ್ಲಿ ಕಡಿಬಂಡೆಯ ಮೈಗೆ ಅಂಟಿಸಿ ಕಟ್ಟಿದ್ದ ಗರ್ತಂಗ್ ಗಲಿ ಎಂಬ ಮರದ ಹಾದಿಯನ್ನು ಜೀರ್ಣೋದ್ಧಾರ ಮಾಡಿ 2021ರಲ್ಲಿ ಪುನಃ ತೆರೆದಿದ್ದಾರೆ. ಭೈರೋಂಘಾಟಿಯ ಸಮೀಪದ ಲಂಕಾ ಸೇತುವೆಯಿಂದ ಅಲ್ಲಿಗೆ ಸುಮಾರು 2 ಕಿಲೋಮೀಟರ್ ನಡಿಗೆ. ಮಂಡಿಯಲ್ಲಿ ಅಷ್ಟು ಬಲವುಳ್ಳ ಹಿರಿಯರು ನಿಧಾನವಾಗಿ ಹೋಗಿಬರಬಹುದು. ಅದರಾಚೆಯ ನೇಲಂಗ್ ಕಣಿವೆಯು ಪ್ರವಾಸಿಗರಿಗೆ 2015ರಿಂದ ತೆರೆದಿದೆಯಾದರೂ, ಗಡಿಪ್ರದೇಶವಾದ್ದರಿಂದ ಅದಕ್ಕೆ ಉತ್ತರಕಾಶಿಯ ಅಧಿಕಾರಿಗಳಿಂದ ಬೇರೆ ಅನುಮತಿ ಬೇಕು. ಗೋಮುಖದ ಅರ್ಜಿಯನ್ನು ಕೊಡುವ ದಿನವೇ ಅದನ್ನೂ ವಿಚಾರಿಸಿಕೊಂಡರೆ ಎರಡು ಸಲ ಓಡಾಡುವುದು ತಪ್ಪುತ್ತದೆ.